ಹಿಂಡಿ ಹೆಚ್ಚಿಸುವ ಮೊದಲು: ಹಾಲು ಉತ್ಪಾದಕರಿಗೊಂದು ಬಹಿರಂಗ ಪತ್ರ

ಹಾಲು ಉತ್ಪಾದಕರ ಸಹಕಾರ ಸಂಘಗಳ ಎಲ್ಲ ಸದಸ್ಯರಿಗೆ, ಅದರಲ್ಲೂ ದಿನಾ ಬೆಳಗಾಗೆದ್ದು ಕೊಟ್ಟಿಗೆಗೆ ಹೋಗಿ ಗೋದಲಿಗೆ ಮೇವು ಹಾಕುವ ಅಕ್ಕಂದಿರಿಗೆ, ತಾಯಂದಿರಿಗೆ,

ಹಾಲು ಒಂದು ಲೀಟರ್ ಇಳಿಯಿತು ಅಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವುದು ಒಂದೇ ಕೆಲಸ. ಸಂಜೆಯ ಬೂಸಾಕ್ಕೆ ಇನ್ನೊಂದು ಬೊಗಸೆ ಕಡಲೆಕಾಯಿ ಹಿಂಡಿ ಬೀಳುತ್ತದೆ. ಎಸ್‌ಎನ್‌ಎಫ್ (ಹಾಲಿನ ಕೊಬ್ಬೇತರ ಘನಾಂಶ) ಕಮ್ಮಿ ಬಂತು ಅಂದರೂ ಹಿಂಡಿ, ಹಸು ಸೊರಗಿತು ಅಂದರೂ ಹಿಂಡಿ, ಮೂರು ಸಲ ಎ.ಐ. (ಕೃತಕ ಗರ್ಭಧಾರಣೆ) ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ ಅಂದರೂ ಹಿಂಡಿ. ಪ್ರೋಟೀನ್ ಜಾಸ್ತಿ ಹೋದಷ್ಟೂ ಹಾಲು ಜಾಸ್ತಿ ಬರುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಪಶುವೈದ್ಯೆಯಾಗಿ ಓಡಾಡುವ ನನಗೆ ಇದನ್ನು ನೋಡಿ ನೋಡಿ ಸಂಕಟವಾಗಿದೆ. ನೀವು ಸಾಲ ಮಾಡಿ ತಂದ ಹಿಂಡಿಯಲ್ಲಿ ಎಷ್ಟೋ ಪಾಲು ಹಾಲಾಗದೆ ಗಂಜಲದಲ್ಲಿ ಹರಿದು ಹೋಗುತ್ತಿದೆ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಹಸುವಿನ ಶಕ್ತಿಯನ್ನೂ ಒಂದಿಷ್ಟು ಕಿತ್ತುಕೊಂಡು ಹೋಗುತ್ತದೆ. ಅದು ಹೇಗೆ ಎಂದು ನಿಮಗೆ ತಿಳಿದರೆ ಹಿಂಡಿ ಎಷ್ಟು ಹಾಕಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಈ ಪತ್ರ.

ಹಸುವಿಗೆ ನಾವು ಹಾಕಿದ್ದು ನೇರವಾಗಿ ಹಸುವಿಗೆ ಸಿಗುವುದಿಲ್ಲ. ಮೆಲುಕು ಹಾಕುವ ಪ್ರಾಣಿಗೆ ನಾಲ್ಕು ಹೊಟ್ಟೆ ಎಂದು ನಿಮಗೆ ಗೊತ್ತು. ಮೊದಲನೆಯದು, ನಾವು ರೂಮೆನ್ ಎನ್ನುವ ದೊಡ್ಡ ಹೊಟ್ಟೆ, ಬೆಳೆದ ಸೀಮೆ ಹಸುವಿನಲ್ಲಿ ನೂರು ಲೀಟರಿಗೂ ಮಿಗಿಲಾಗಿ ಹಿಡಿಯುತ್ತದೆ. ಅದರೊಳಗಿನ ನೀರು ಒಂದು ಮಿಲಿಲೀಟರ್ ತೆಗೆದರೆ ಸಾವಿರ ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಜೊತೆಗೆ ಪ್ರೋಟೋಜೋವಾಗಳು, ಒಣ ಹುಲ್ಲಿನ ಗಟ್ಟಿ ಕಡ್ಡಿಯೊಳಗೆ ಬೇರಿಳಿಸಿ ಅದನ್ನು ಸಡಿಲಿಸುವ ಶಿಲೀಂಧ್ರಗಳು. ಗಾಳಿಯಿಲ್ಲದ ಜಾಗದಲ್ಲಿ ಶಿಲೀಂಧ್ರ ಬದುಕಲಾರದು ಎಂದೇ ವಿಜ್ಞಾನಿಗಳು ಬಹುಕಾಲ ತಿಳಿದಿದ್ದರು. 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಅದು ತಪ್ಪೆಂದು ತೋರಿಸಿದರು. ರಾಗಿ ಹುಲ್ಲನ್ನು ಹಾಲು ಮಾಡುವ ಶಕ್ತಿ ಹಸುವಿನದಲ್ಲ, ಈ ಜೀವಿಗಳದು. ಹುಲ್ಲಿನ ನಾರನ್ನು ಕರಗಿಸುವ ಕಿಣ್ವವನ್ನು ಹಸು ತಾನಾಗಿ ತಯಾರಿಸಲಾರದು.

ಹಿಂಡಿಯನ್ನು ಮೊದಲು ತಿನ್ನುವವರೂ ಇವರೇ. ಹಿಂಡಿಯ ಪ್ರೋಟೀನನ್ನು ಒಡೆದು ಒಡೆದು ಕೊನೆಗೆ ಅದರ ಬಹುಪಾಲನ್ನು ಅಮೋನಿಯಾ ಮಾಡುತ್ತಾರೆ. ಮತ್ತೆ ಆ ಅಮೋನಿಯಾವನ್ನೇ ಹಿಡಿದು ತಮ್ಮ ಮೈ ಕಟ್ಟಿಕೊಳ್ಳುತ್ತಾರೆ. ಹೀಗೆ ಬೆಳೆದ ಸೂಕ್ಷ್ಮಾಣುಗಳು ಮೇವಿನ ಜೊತೆ ಮುಂದೆ ಹರಿದು ನಾಲ್ಕನೇ ಹೊಟ್ಟೆ, ಕರುಳು ತಲುಪಿದಾಗ ಹಸು ಅವನ್ನು ಜೀರ್ಣಿಸಿಕೊಳ್ಳುತ್ತದೆ. ಹಸುವಿನ ಕರುಳಿಗೆ ಮುಟ್ಟುವ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಈ ಜೀವಿಗಳ ಮೈಯೇ. ಹಾಲಿನಲ್ಲಿರುವ ಪ್ರೋಟೀನು ಹಿಂಡಿಯಿಂದ ನೇರವಾಗಿ ಇಳಿದು ಬಂದದ್ದೆಂದು ತಿಳಿದವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು.

ಇದನ್ನು ಫಿನ್ಲೆಂಡಿನ ಆರ್ತುರಿ ವಿರ್ತನೆನ್ ಎಂಬ ರಸಾಯನ ವಿಜ್ಞಾನಿ ಸಾಬೀತು ಮಾಡಿ ತೋರಿಸಿದ್ದಾರೆ. ಹಸಿರು ಮೇವನ್ನು ಕೆಡದಂತೆ ಇಡುವ ವಿಧಾನ ಕಂಡುಹಿಡಿದದ್ದಕ್ಕೆ 1945ರಲ್ಲಿ ನೊಬೆಲ್ ಬಹುಮಾನ ಪಡೆದವರು ಅವರು. ಮುಂದೆ ಅವರು ಒಂದು ದಿಟ್ಟ ಪ್ರಯೋಗಕ್ಕೆ ಕೈಹಾಕಿದರು. ಹಸುಗಳಿಗೆ ಪ್ರೋಟೀನೇ ಇಲ್ಲದ ಆಹಾರ ಕೊಟ್ಟರು. ಹಿಂಡಿ ಇಲ್ಲ, ಕಾಳಿಲ್ಲ, ಹುಲ್ಲೂ ಇಲ್ಲ. ಶುದ್ಧಗೊಳಿಸಿದ ಪಿಷ್ಟ, ನಾರು, ಸಕ್ಕರೆ, ಅದರ ಜೊತೆ ಸಾರಜನಕಕ್ಕೆಂದು ಯೂರಿಯಾ ಮತ್ತು ಅಮೋನಿಯಂ ಲವಣ. ಆ ಹಸುಗಳು ಗಬ್ಬ ಕಟ್ಟಿದವು, ಕರು ಹಾಕಿದವು, ಹಾಲು ಕೊಟ್ಟವು. ಚೆನ್ನಾಗಿ ಕೊಟ್ಟ ಹಸು ವರ್ಷಕ್ಕೆ 4,000 ಕಿಲೋಗೂ ಹೆಚ್ಚು ಹಾಲು ಕರೆಯಿತು. ಫಲಿತಾಂಶ 1966ರಲ್ಲಿ ಪ್ರಕಟವಾಯಿತು.

ಈ ಪ್ರಯೋಗದ ಮಾತು ಎತ್ತಿದಾಗಲೆಲ್ಲ ಜನಕ್ಕೆ ಯೂರಿಯಾ ಒಂದೇ ಕಿವಿಗೆ ಬೀಳುತ್ತದೆ. ನಾನು ಹೇಳಬೇಕೆಂದಿರುವುದು ಅದರ ಪಕ್ಕದಲ್ಲಿದ್ದ ಪಿಷ್ಟ ಮತ್ತು ಸಕ್ಕರೆಯ ಬಗ್ಗೆ. ಅಮೋನಿಯಾದಿಂದ ಮೈ ಕಟ್ಟಿಕೊಳ್ಳಲು ಸೂಕ್ಷ್ಮಾಣುಗಳಿಗೆ ಶಕ್ತಿ ಬೇಕು. ಆ ಶಕ್ತಿ ಬರುವುದು ಮುಸುಕಿನ ಜೋಳದ ನುಚ್ಚು, ರಾಗಿ, ಬೂಸಾ, ಒಳ್ಳೆಯ ಹಸಿರು ಮೇವು ಇವುಗಳಿಂದ. ಲೆಕ್ಕ ಸ್ಥೂಲವಾಗಿ ಹೀಗಿದೆ: ಹಸುವಿನ ಹೊಟ್ಟೆಯಲ್ಲಿ 1 ಕಿಲೋದಷ್ಟು ಪದಾರ್ಥ ಜೀರ್ಣವಾದರೆ ಸುಮಾರು 130 ಗ್ರಾಂ ಸೂಕ್ಷ್ಮಾಣು ಪ್ರೋಟೀನ್ ತಯಾರಾಗುತ್ತದೆ. ಜೀರ್ಣವಾಗುವ ಪದಾರ್ಥ ಇಷ್ಟೇ ಎಂದಾದರೆ ಹಿಂಡಿ ಎಷ್ಟೇ ಸುರಿದರೂ ಆ 130 ಗ್ರಾಂ 200 ಆಗುವುದಿಲ್ಲ. ಮನೆ ಕಟ್ಟುವ ಜಾಗಕ್ಕೆ ಇಟ್ಟಿಗೆ ಲಾರಿ ಮೇಲೆ ಲಾರಿ ಬಂದು ನಿಂತು ಗಾರೆ ಕೆಲಸದವರೇ ಇಲ್ಲದಿದ್ದರೆ ಗೋಡೆ ಏಳುತ್ತದೆಯೇ?

ಗೋಡೆಯಾಗದ ಇಟ್ಟಿಗೆ ಹಸುವಿನ ಮೈಯಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಬಳಕೆಯಾಗದ ಅಮೋನಿಯಾ ರೂಮೆನ್ನಿನ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ಅಮೋನಿಯಾ ವಿಷ. ಅದು ಮಿದುಳಿಗೆ ಹೋಗದಂತೆ ತಡೆಯುವುದು ಪಿತ್ತಜನಕಾಂಗದ ಕೆಲಸ. ಅದು ಅಮೋನಿಯಾವನ್ನೆಲ್ಲ ಹಿಡಿದು ಯೂರಿಯಾ ಮಾಡಿ ರಕ್ತಕ್ಕೆ ಬಿಡುತ್ತದೆ. ಇದು ಪುಕ್ಕಟೆ ಕೆಲಸವಲ್ಲ, ಹಾಲಿಗೆ ಹೋಗಬೇಕಾದ ಶಕ್ತಿ ಇಲ್ಲಿ ಖರ್ಚಾಗುತ್ತದೆ. ಆ ಯೂರಿಯಾದಲ್ಲಿ ಒಂದು ಪಾಲು ಜೊಲ್ಲಿನ ಮೂಲಕ ಮತ್ತೆ ರೂಮೆನ್ನಿಗೇ ಬರುತ್ತದೆ, ಒಂದು ಪಾಲು ಹಾಲಿಗೆ ಇಳಿಯುತ್ತದೆ, ಉಳಿದದ್ದು ಗಂಜಲ. ಮುಚ್ಚಿದ ಕೊಟ್ಟಿಗೆಗೆ ಬೆಳಿಗ್ಗೆ ಕಾಲಿಟ್ಟ ತಕ್ಷಣ ಕಣ್ಣು ಉರಿಯುವಂಥ ಗಾಟು ವಾಸನೆ ಬಂದರೆ ನೆಲ ತೊಳೆದಿಲ್ಲ ಎಂದಷ್ಟೇ ಅಂದುಕೊಳ್ಳಬೇಡಿ. ಹಿಂಡಿ ಹೋಗುತ್ತಿರುವ ದಾರಿಯೂ ಅದೇ ಇರಬಹುದು.

ರಕ್ತದಲ್ಲಿ ಹೆಚ್ಚಾದ ಯೂರಿಯಾ ಗರ್ಭಕೋಶಕ್ಕೂ ಹೋಗುತ್ತದೆ. ಒಳಗಿನ ವಾತಾವರಣ ಬದಲಾಗಿ, ಆಗತಾನೇ ಕೂಡಿದ ಪಿಂಡಕ್ಕೆ ನೆಲೆ ಸಿಗುವುದು ಕಷ್ಟವಾಗುತ್ತದೆ. 100 ಮಿಲಿಲೀಟರ್ ಹಾಲಿನಲ್ಲಿ ಯೂರಿಯಾ ರೂಪದ ಸಾರಜನಕ 19–20 ಮಿಲಿಗ್ರಾಂ ದಾಟಿದ ಹಸುಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಗಬ್ಬ ನಿಲ್ಲಲಿಲ್ಲ ಎಂದು ಹಿಂಡಿ ಹೆಚ್ಚಿಸುವ ಮನೆಯವರಿಗೆ ನಾನು ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಮಾಲೂರು ಕಡೆಯ ಒಂದು ಮನೆಯ ಲೆಕ್ಕ ನೋಡಿ. ಸುಮಾರು 400 ಕಿಲೋ ತೂಗುವ ಎಚ್‌ಎಫ್ ಮಿಶ್ರತಳಿ ಹಸು, 12 ಲೀಟರ್ ಹಾಲು. ಎ.ಐ. ಮಾಡಿಸಿದ್ದೆಲ್ಲ ಹುಸಿಯಾಗಿ ಮತ್ತೆ ಮತ್ತೆ ಬೆದೆಗೆ ಬರುತ್ತಿತ್ತು. ಆ ಮನೆಯ ಅಕ್ಕ ಹಸುವನ್ನು ಮಗಳಂತೆ ನೋಡಿಕೊಂಡಿದ್ದರು. ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿದ ಕಡಲೆಕಾಯಿ ಹಿಂಡಿ ಎರಡು ಹೊತ್ತಿಗೂ ಸೇರಿ 3 ಕಿಲೋ, ಚೀಲದ ಫೀಡ್ 2 ಕಿಲೋ, ಎಳಸಾಗಿ ಕೊಯ್ದ ನೇಪಿಯರ್ 25 ಕಿಲೋ, ರಾತ್ರಿಗೆ ರಾಗಿ ಹುಲ್ಲು 3 ಕಿಲೋ. ಅವರ ಹಾಲಿನ ಪಾಸ್‌ಬುಕ್ಕಿನ ಹಿಂಬದಿಯಲ್ಲೇ ಕೂಡಿದೆವು. ಹಿಂಡಿಯಿಂದ 1,200 ಗ್ರಾಂ ಮೇಲೆ, ಫೀಡಿನಿಂದ 400, ನೇಪಿಯರ್‌ನಿಂದ ಸುಮಾರು 500, ರಾಗಿ ಹುಲ್ಲಿನಿಂದ 100. ಒಟ್ಟು 2,200 ಗ್ರಾಂ ದಾಟಿದ ಪ್ರೋಟೀನ್. ಆ ಹಸುವಿನ ಮೈಗೂ ಹಾಲಿಗೂ ಸೇರಿ ಬೇಕಿದ್ದದ್ದು 1,500 ಗ್ರಾಂ ಆಸುಪಾಸು. ಇಷ್ಟೆಲ್ಲ ಇದ್ದೂ ಮುಸುಕಿನ ಜೋಳವಾಗಲಿ, ರಾಗಿ ನುಚ್ಚಾಗಲಿ ಒಂದು ಹಿಡಿಯೂ ಇರಲಿಲ್ಲ. ಖನಿಜ ಮಿಶ್ರಣದ ಪೊಟ್ಟಣ ಬಿಚ್ಚದೆ ಅಟ್ಟದ ಮೇಲಿತ್ತು.

ಹಿಂಡಿಯನ್ನು ಹಂತಹಂತವಾಗಿ 1 ಕಿಲೋಗೆ ಇಳಿಸಿ, ಮುಸುಕಿನ ಜೋಳದ ನುಚ್ಚನ್ನು ನಿಧಾನವಾಗಿ 2 ಕಿಲೋಗೆ ಏರಿಸಿದೆವು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಸೇರಿಸಿದೆವು. ಹಿಂಡಿ ಇಳಿಸಿದರೆ ಹಾಲು ಬತ್ತುತ್ತದೆ ಎಂದು ಅಕ್ಕನಿಗೆ ಭಯ. ಹಾಲು ಇಳಿಯಲಿಲ್ಲ, ಎಸ್‌ಎನ್‌ಎಫ್ ತುಸು ಮೇಲೇ ಬಂತು, ಕೊಟ್ಟಿಗೆಯ ಗಾಟು ಕಡಿಮೆಯಾಯಿತು. ಮುಂದೆ ಗಬ್ಬವೂ ನಿಂತಿತು. ಗಬ್ಬ ನಿಲ್ಲದಿರಲು ಹತ್ತು ಕಾರಣಗಳಿರುತ್ತವೆ, ಆದ್ದರಿಂದ ಒಂದು ಹಸುವನ್ನು ತೋರಿಸಿ ಎಲ್ಲಕ್ಕೂ ಇದೇ ಮದ್ದು ಎಂದು ನಾನು ಹೇಳುವುದಿಲ್ಲ. ಹಿಂಡಿಯ ಖರ್ಚು ಉಳಿದದ್ದಂತೂ ಬಟವಾಡೆಯ ದಿನ ಅವರ ಕೈಗೇ ಸಿಕ್ಕ ಲೆಕ್ಕ.

ಇದರ ಉಲ್ಟಾ ತೊಂದರೆಯೂ ನಮ್ಮಲ್ಲೇ ಇದೆ. ಬೇಸಿಗೆಯಲ್ಲಿ ಹಸಿರು ಮುಗಿದು ಬರೀ ರಾಗಿ ಹುಲ್ಲು, ಬರೀ ಭತ್ತದ ಹುಲ್ಲಿನ ಮೇಲೆ ದನ ನಿಂತಾಗ ನೋಡಿ. ಒಣ ಹುಲ್ಲಿನಲ್ಲಿ ಪ್ರೋಟೀನ್ ಇರುವುದು ಶೇ. 3–4. ಒಟ್ಟು ಮೇವಿನಲ್ಲಿ ಅದು ಶೇ. 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಾಣುಗಳಿಗೆ ಸಾರಜನಕ ಸಾಲದೆ ಹುಲ್ಲು ಕರಗುವುದು ನಿಧಾನವಾಗುತ್ತದೆ. ಹುಲ್ಲು ಕರಗಿ ಜಾಗ ಖಾಲಿಯಾದರೆ ತಾನೇ ಹಸು ಇನ್ನಷ್ಟು ತಿನ್ನುವುದು? ಹೊಟ್ಟೆ ಡೊಳ್ಳಾಗಿ, ಪಕ್ಕೆಲುಬು ಎಣಿಸುವಂತಾದ ದನಗಳು ಹೀಗೆ ತುಂಬಿದ ಹೊಟ್ಟೆಯಲ್ಲೇ ಹಸಿದಿರುತ್ತವೆ. ಅಂಥ ದನಕ್ಕೆ ಒಂದು ಬೊಗಸೆ ಹಿಂಡಿ, ಒಂದು ಹೊರೆ ಹಲಸಂದೆ ಅಥವಾ ಕುದುರೆ ಮೆಂತ್ಯ, ಬೇಲಿಯ ಅಗಸೆ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು ಮಾಡುವ ಉಪಕಾರ, ಹಿಂಡಿಯಲ್ಲೇ ಮುಳುಗಿರುವ ಹಸುವಿಗೆ ಮೂರು ಕಿಲೋ ಹಿಂಡಿಯೂ ಮಾಡದು. ಒಂದೇ ಓಣಿಯಲ್ಲಿ ಒಂದು ಮನೆಯ ಹಸು ಹಿಂಡಿ ಜಾಸ್ತಿಯಾಗಿ, ಪಕ್ಕದ ಮನೆಯ ಹಸು ಹಿಂಡಿ ಇಲ್ಲದೆ ಸೊರಗುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಒಣ ಹುಲ್ಲಿಗೆ ಯೂರಿಯಾ ಉಪಚಾರ ಮಾಡುವ ವಿಧಾನ ಹಳೆಯದು, ಒಳ್ಳೆಯದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಟಾರ್ಪಾಲಿನಿಂದ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ಬಿಚ್ಚಿ ಗಾಳಿಗೆ ಹರಡಿ ವಾಸನೆ ಹೋದ ಮೇಲೆ ಕೊಡಬೇಕು. ಹುಲ್ಲು ಮೆತ್ತಗಾಗುತ್ತದೆ, ಅದರ ಪ್ರೋಟೀನ್ ಅಂಶ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದರೆ ಯೂರಿಯಾ ಚೀಲವನ್ನು ದನದ ಬಾಯಿಗೆ ಸಿಗುವಂತೆ ಇಡುವುದು, ಅಂದಾಜಿನಲ್ಲಿ ಬೂಸಾಕ್ಕೆ ಬೆರೆಸುವುದು, ಯೂರಿಯಾ ಬಿದ್ದ ನೀರು ಕುಡಿಸುವುದು ಜೀವಕ್ಕೇ ಅಪಾಯ. ಅಮೋನಿಯಾ ಒಮ್ಮೆಲೇ ಏರಿ ಅರ್ಧ ಗಂಟೆ, ಒಂದು ಗಂಟೆಯೊಳಗೆ ನಡುಕ, ಬಾಯಲ್ಲಿ ನೊರೆ, ಹೊಟ್ಟೆಯುಬ್ಬರ ಕಾಣಿಸಿ ದನ ನೆಲಕ್ಕುರುಳಬಹುದು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವವರೆಗೆ ವಿನಿಗರ್ ಮತ್ತು ತಣ್ಣೀರನ್ನು ಎಷ್ಟು, ಹೇಗೆ ಕುಡಿಸಬೇಕೆಂದು ಫೋನಿನಲ್ಲೇ ಕೇಳಿ ಹಾಗೆಯೇ ಮಾಡಿ. ಕರುಗಳಿಗೆ ಯೂರಿಯಾ ಯಾವ ರೂಪದಲ್ಲೂ ಬೇಡ, ಅವುಗಳ ರೂಮೆನ್ ಇನ್ನೂ ಬೆಳೆದಿರುವುದಿಲ್ಲ. ಮೊದಲ ವಾರಗಳಲ್ಲಿ ಕರುವಿಗೆ ಹಾಲೇ ಪ್ರೋಟೀನು. ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲೇಬೇಕು, ಕಸ ಬೀಳುವವರೆಗೆ ಕಾಯಬಾರದು.

ಇನ್ನು ಚೀಲದ ಮೇಲೆ ಅಚ್ಚಾದ ಸಂಖ್ಯೆಯ ವಿಷಯ. ಕಚ್ಚಾ ಪ್ರೋಟೀನ್ ಶೇ. 20 ಎಂದು ಬರೆದಿರುತ್ತದೆ, ನಾವು ಅದನ್ನೇ ನೋಡಿ ಕೊಳ್ಳುತ್ತೇವೆ. ಪ್ರಯೋಗಾಲಯದಲ್ಲಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಬಂದ ಸಂಖ್ಯೆಯನ್ನು 6.25ರಿಂದ ಗುಣಿಸಿ ಅದಕ್ಕೆ ಕಚ್ಚಾ ಪ್ರೋಟೀನ್ ಎನ್ನುತ್ತಾರೆ. ಯೂರಿಯಾದಲ್ಲಿ ಸಾರಜನಕ ಶೇ. 46. ಅದನ್ನು ಇದೇ ಲೆಕ್ಕಕ್ಕೆ ಹಾಕಿದರೆ ಒಂದು ಚೂರೂ ಪ್ರೋಟೀನಿಲ್ಲದ ಯೂರಿಯಾದಲ್ಲಿ ಶೇ. 287 ಕಚ್ಚಾ ಪ್ರೋಟೀನ್ ಇದೆ ಎಂದಾಗುತ್ತದೆ! ಮಿತಿಯಲ್ಲಿ ಯೂರಿಯಾ ಬೆರೆಸುವುದು ತಪ್ಪಲ್ಲ, ಪಿಷ್ಟ ಜೊತೆಗಿದ್ದರೆ ಅದು ಕೆಲಸಕ್ಕೂ ಬರುತ್ತದೆ. ಆದರೆ ಆ ಶೇ. 20ರಲ್ಲಿ ಹಿಂಡಿಯಿಂದ ಬಂದದ್ದೆಷ್ಟು, ಯೂರಿಯಾದಿಂದ ಬಂದದ್ದೆಷ್ಟು ಎಂದು ತಿಳಿಯುವ ಹಕ್ಕು ಚೀಲಕ್ಕೆ ಹಣ ಕೊಟ್ಟ ನಿಮಗಿದೆ.

ಕಾಗದದ ಮೇಲಿನ ಲೆಕ್ಕ ಹಸುವಿನ ಹೊಟ್ಟೆಯಲ್ಲಿ ಹೇಗೆ ಸೋಲುತ್ತದೆ ಎಂದು ನೂರು ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟವರು ಸ್ಟೀಫನ್ ಬಾಬ್‌ಕಾಕ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಈ ವಿಜ್ಞಾನಿ 1890ರಲ್ಲಿ ಹಾಲಿನ ಕೊಬ್ಬನ್ನು ಅಳೆಯುವ ಸುಲಭ ಪರೀಕ್ಷೆಯೊಂದನ್ನು ಕೊಟ್ಟರು. ಇವತ್ತು ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವ ಪದ್ಧತಿಗೆ ದಾರಿ ಮಾಡಿದವರಲ್ಲಿ ಅವರೂ ಒಬ್ಬರು. ರಾಸಾಯನಿಕ ಲೆಕ್ಕದಲ್ಲಿ ಎರಡು ಮೇವು ಸಮ ಬಂದ ಮಾತ್ರಕ್ಕೆ ಹಸುವಿಗೂ ಅವು ಸಮವೇ ಎಂಬ ಸಂದೇಹ ಅವರನ್ನು ಬಹಳ ವರ್ಷ ಕಾಡಿತ್ತು. 1907ರಲ್ಲಿ ಅವರ ಸಹೋದ್ಯೋಗಿಗಳು ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಮುಸುಕಿನ ಜೋಳದ ಕಾಳು, ಗಿಡ ಎಲ್ಲ, ಇನ್ನೊಂದಕ್ಕೆ ಗೋಧಿಯದು, ಮತ್ತೊಂದಕ್ಕೆ ಓಟ್ಸ್, ನಾಲ್ಕನೆಯದಕ್ಕೆ ಮೂರೂ ಬೆರೆಸಿದ್ದು. ಪ್ರೋಟೀನೂ ಶಕ್ತಿಯೂ ಲೆಕ್ಕದಲ್ಲಿ ನಾಲ್ಕಕ್ಕೂ ಸಮ. ನಾಲ್ಕು ವರ್ಷದ ಪ್ರಯೋಗದಲ್ಲಿ ಜೋಳ ತಿಂದವು ಮಿರಮಿರ ಮಿಂಚುತ್ತ ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವು ಸೊರಗಿ, ಕುರುಡಾಗಿ, ದಿನ ತುಂಬುವ ಮೊದಲೇ ಕರು ಹಾಕಿದವು, ಕರುಗಳು ಸತ್ತವು. ಕಾರಣ ಹುಡುಕುತ್ತ ಹೊರಟ ಅದೇ ವಿಶ್ವವಿದ್ಯಾಲಯದ ಎಲ್ಮರ್ ಮೆಕಾಲಂ 1913ರಲ್ಲಿ ಈಗ ನಾವು ಎ ಜೀವಸತ್ವ ಎನ್ನುವುದನ್ನು ಗುರುತಿಸಿದರು. ನಮ್ಮ ಹಸುಗಳಿಗೆ ಆ ಜೀವಸತ್ವ ಬರುವುದು ಹಸಿರು ಮೇವಿನಿಂದ. ಬೇಸಿಗೆಯಿಡೀ ಒಂದು ಹಿಡಿ ಹಸಿರೂ ಕಾಣದ ಗಬ್ಬದ ಹಸುವಿಗೆ ಎಷ್ಟು ದುಬಾರಿ ಫೀಡ್ ಹಾಕಿದರೂ ಈ ಕೊರತೆ ತುಂಬುವುದು ಕಷ್ಟ.

ಹಿಂಡಿ ಹಿಂಡಿಗೂ ವ್ಯತ್ಯಾಸವಿದೆ. ಕಡಲೆಕಾಯಿ ಹಿಂಡಿ, ಸಾಸಿವೆ ಹಿಂಡಿ ರೂಮೆನ್ನಿನಲ್ಲಿ ಬೇಗ ಕರಗುತ್ತವೆ. ಹತ್ತಿಕಾಳು ಹಿಂಡಿ, ಕೊಬ್ಬರಿ ಹಿಂಡಿಯ ಪ್ರೋಟೀನು ನಿಧಾನವಾಗಿ ಕರಗಿ, ಒಂದು ಪಾಲು ಸೂಕ್ಷ್ಮಾಣುಗಳ ಕೈಗೆ ಸಿಗದೆ ನೇರ ಕರುಳಿಗೆ ದಾಟುತ್ತದೆ. ಬೈಪಾಸ್ ಪ್ರೋಟೀನ್ ಎಂದು ನೀವು ಕೇಳಿರುವುದು ಇದನ್ನೇ. ದಿನಕ್ಕೆ 15 ಲೀಟರ್ ದಾಟಿ ಕರೆಯುವ ಹಸುವಿಗೆ ಸೂಕ್ಷ್ಮಾಣುಗಳು ಕೊಡುವ ಪ್ರೋಟೀನ್ ಸಾಲುವುದಿಲ್ಲ, ಅಲ್ಲಿ ಬೈಪಾಸಿಗೆ ಕೊಟ್ಟ ಹಣ ವಾಪಸು ಬರುತ್ತದೆ. 4–5 ಲೀಟರಿನ ಹಸುವಿಗೆ, ಮೇಯಲು ಹೋಗುವ ಹಳ್ಳಿಕಾರ್ ಹಸುವಿಗೆ ಅದು ಬೇಡ. ಇನ್ನೊಂದು ಮಾತು: ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ದನಕ್ಕಾದರೂ ಆಗಲಿ ಎಂದು ಹಾಕಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದಲೇ. ಅಫ್ಲಾಟಾಕ್ಸಿನ್ ಎಂಬ ಆ ವಿಷ ಹಸುವಿನ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಅದರ ಒಂದು ರೂಪ ಹಾಲಿನಲ್ಲೂ ಇಳಿದು ಮಕ್ಕಳ ಲೋಟಕ್ಕೆ ಬರುತ್ತದೆ.

ಎಸ್‌ಎನ್‌ಎಫ್ ಬಗ್ಗೆ ನೀವು ಕೇಳುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸೂಕ್ಷ್ಮಾಣುಗಳು ಹುಲ್ಲಿನ ನಾರನ್ನು ಹುದುಗಿಸಿದಾಗ ಅಸಿಟಿಕ್ ಆಮ್ಲ ಹೆಚ್ಚು ಬರುತ್ತದೆ. ಅದರಿಂದ ಹಾಲಿನ ಫ್ಯಾಟ್. ಪಿಷ್ಟವನ್ನು ಹುದುಗಿಸಿದಾಗ ಪ್ರೊಪಿಯೋನಿಕ್ ಆಮ್ಲ ಹೆಚ್ಚಾಗುತ್ತದೆ. ಪಿತ್ತಜನಕಾಂಗ ಅದನ್ನು ಗ್ಲೂಕೋಸ್ ಮಾಡುತ್ತದೆ, ಕೆಚ್ಚಲು ಆ ಗ್ಲೂಕೋಸಿನಿಂದ ಹಾಲಿನ ಸಕ್ಕರೆ ಮಾಡುತ್ತದೆ. ಒಂದು ಲೀಟರ್ ಹಾಲಿಗೆ 70 ಗ್ರಾಂಗೂ ಹೆಚ್ಚು ಗ್ಲೂಕೋಸ್ ಬೇಕು. ಕೆಚ್ಚಲಿಗೆ ನೀರನ್ನು ಎಳೆದು ಹಾಲಿನ ಅಳತೆ ನಿರ್ಧರಿಸುವುದು ಆ ಸಕ್ಕರೆಯೇ. ಹೀಗಾಗಿ ಫ್ಯಾಟ್ ಬಿದ್ದರೆ ಒಣ ಹುಲ್ಲು, ನಾರು ಕಮ್ಮಿಯಾಯಿತೇ ಎಂದು ಮೊದಲು ನೋಡಿ. ಎಸ್‌ಎನ್‌ಎಫ್ ಬಿದ್ದರೆ, ಹಾಲು ಇಳಿದರೆ ಶಕ್ತಿಯ ಮೇವು ಸಾಲದೆ ಹೋಯಿತೇ ಎಂದು ನೋಡಿ. ಹಾಗಂತ ಮದುವೆ ಮನೆಯ ಉಳಿದ ಅನ್ನವನ್ನೋ, ಒಂದು ಮಂಕರಿ ಮುದ್ದೆಯನ್ನೋ ಒಂದೇ ಸಲಕ್ಕೆ ಹಾಕಿಬಿಡಬೇಡಿ. ಪಿಷ್ಟ ಒಮ್ಮೆಲೇ ಬಿದ್ದರೆ ರೂಮೆನ್ನಿನಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ನಾರು ಕರಗಿಸುವ ಜೀವಿಗಳು ಸಾಯುತ್ತವೆ, ಹಸು ಮೆಲುಕು ನಿಲ್ಲಿಸುತ್ತದೆ, ಎಷ್ಟೋ ಸಲ ಉಳಿಯುವುದೇ ಇಲ್ಲ. ಹಬ್ಬ, ಮದುವೆಯ ಮರುದಿನ ನಮಗೆ ಬರುವ ಫೋನುಗಳಲ್ಲಿ ಬಹಳಷ್ಟು ಇವೇ.

ಕರು ಹಾಕಿದ ಹೊಸತರಲ್ಲಿ ಹಸುವಿನ ಪಾಡು ಇನ್ನೂ ನಾಜೂಕು. ಹಾಲು ಏರುತ್ತದೆ, ಹಸಿವು ಅಷ್ಟು ಬೇಗ ಏರುವುದಿಲ್ಲ. ಕೊರತೆ ತುಂಬಲು ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಅದು ಮಿತಿ ಮೀರಿದಾಗ ಬರುವುದೇ ಕೀಟೋಸಿಸ್. ಹಸು ಹುಲ್ಲು ಮುಟ್ಟುತ್ತದೆ, ಹಿಂಡಿ, ಫೀಡ್ ಬಿಡುತ್ತದೆ. ಉಸಿರಿನಲ್ಲಿ ಸಿಹಿ ವಾಸನೆ. ಆಗ ಹಿಂಡಿಯನ್ನು ಬೆಲ್ಲದಲ್ಲಿ ಕಲಸಿ ಬಲವಂತ ಮಾಡುತ್ತ ಕೂರದೆ ಆಸ್ಪತ್ರೆಗೆ ತಿಳಿಸಿ. ಅಮೋನಿಯಾ ತೊಳೆಯುವ ಕೆಲಸವೂ ಕರಗಿದ ಕೊಬ್ಬನ್ನು ಸಂಭಾಳಿಸುವ ಕೆಲಸವೂ ಒಂದೇ ಪಿತ್ತಜನಕಾಂಗದ ಮೇಲೆ ಬೀಳುವ ಹೊತ್ತು ಅದು.

ಖನಿಜದ ಬಗ್ಗೆ ಹೇಳದೆ ಮುಗಿಸಿದರೆ ಮಾತು ಅರ್ಧವಾಗುತ್ತದೆ. ನಿಮ್ಮ ಹಸು ಗೋಡೆ ನೆಕ್ಕುತ್ತದೆ, ಹಗ್ಗ ಅಗಿಯುತ್ತದೆ, ಒಣಹಾಕಿದ ಬಟ್ಟೆ ಎಳೆದು ತಿನ್ನುತ್ತದೆ. ಅದು ಚೇಷ್ಟೆಯಲ್ಲ, ಎಷ್ಟೋ ಸಲ ಉಪ್ಪಿನ ಅಥವಾ ರಂಜಕದ ಕೊರತೆ. ದಕ್ಷಿಣ ಆಫ್ರಿಕಾದಲ್ಲಿ ದನಗಳು ಹೀಗೇ ಕಾಡಿನ ಮೂಳೆ ಕಡಿದು, ಅದರ ವಿಷ ಏರಿ ಸಾಯುತ್ತಿದ್ದವು. ಮೂಲ ಕಾರಣ ಹುಲ್ಲುಗಾವಲಿನಲ್ಲಿ ರಂಜಕವಿಲ್ಲದಿರುವುದು ಎಂದು ಆರ್ನಾಲ್ಡ್ ಥೀಲರ್ ಎಂಬ ಪಶುವೈದ್ಯರು 1920ರ ದಶಕದಲ್ಲಿ ತೋರಿಸಿ, ಮೂಳೆ ಪುಡಿ ಕೊಟ್ಟು ಅದನ್ನು ತಡೆದರು. ಕೋಬಾಲ್ಟ್ ಕಥೆ ನನಗೆ ಇನ್ನೂ ಇಷ್ಟ. ಆಸ್ಟ್ರೇಲಿಯಾದ ಕೆಲವು ಭಾಗಗಳಲ್ಲಿ ಸೊಂಪಾದ ಹುಲ್ಲಿನ ನಡುವೆಯೇ ಕುರಿ, ದನ ಸೊರಗಿ ಸಾಯುತ್ತಿದ್ದವು. ಕಬ್ಬಿಣದ ಅದಿರು ಕೊಟ್ಟರೆ ಚೇತರಿಸುತ್ತಿದ್ದವು, ಶುದ್ಧ ಕಬ್ಬಿಣ ಕೊಟ್ಟರೆ ಇಲ್ಲ. ಅದಿರಿನಲ್ಲಿ ಬೆರೆತಿದ್ದ ಚೂರೇ ಚೂರು ಕೋಬಾಲ್ಟ್ ಆ ಮದ್ದು ಎಂದು 1935ರಲ್ಲಿ ಗೊತ್ತಾಯಿತು. ಅದೇಕೆ ಬೇಕು ಎಂಬುದು ತಿಳಿಯಲು 1948ರಲ್ಲಿ ಬಿ12 ಜೀವಸತ್ವ ಸಿಗಬೇಕಾಯಿತು: ಬಿ12ರ ಒಂದೊಂದು ಅಣುವಿನಲ್ಲೂ ಒಂದು ಕೋಬಾಲ್ಟ್ ಪರಮಾಣು ಇದೆ, ರೂಮೆನ್ನಿನ ಬ್ಯಾಕ್ಟೀರಿಯಾಗಳು ಅದರಿಂದಲೇ ಬಿ12 ಕಟ್ಟುತ್ತವೆ. ಪ್ರೊಪಿಯೋನಿಕ್ ಆಮ್ಲವನ್ನು ಗ್ಲೂಕೋಸ್ ಮಾಡಲು ಹಸುವಿಗೆ ಆ ಬಿ12 ಬೇಕೇ ಬೇಕು. ಅಟ್ಟದ ಮೇಲೆ ಬಿಚ್ಚದೆ ಇಟ್ಟ 50 ಗ್ರಾಂ ಪುಡಿಗೂ ಕ್ಯಾನಿಗೆ ಬೀಳುವ ಹಾಲಿಗೂ ಇರುವ ನಂಟು ಇದು. ಖನಿಜ ಮಿಶ್ರಣವನ್ನು ಕರು ಹಾಕಿದ ಮೇಲೆ ಒಂದು ತಿಂಗಳು ಕೊಟ್ಟು ನಿಲ್ಲಿಸುವವರೇ ಜಾಸ್ತಿ. ನೇಪಿಯರ್, ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟು ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಆ ಮೇವಿನ ಮೇಲೇ ಇರುವ ಹಸುಗಳಿಗೆ ಇದು ವರ್ಷಪೂರ್ತಿ ಬೇಕು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಸಲದ ಸರ್ವಸದಸ್ಯರ ಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಎದ್ದುಹೋಗಬೇಡಿ, ಮೇವಿನ ಮಾತು ಎತ್ತಿ. ಹಾಲಿನ ಯೂರಿಯಾ ಓದಬಲ್ಲ ಇನ್‌ಫ್ರಾರೆಡ್ ಯಂತ್ರಗಳು ಇವೆ. ಅಂಥದ್ದು ನಿಮ್ಮ ಒಕ್ಕೂಟದ ಪ್ರಯೋಗಾಲಯದಲ್ಲಿದ್ದರೆ ಅದನ್ನು ಕಲಬೆರಕೆ ಹಿಡಿಯಲಷ್ಟೇ ಬಳಸದೆ, ಗಬ್ಬ ನಿಲ್ಲದ ಹಸುಗಳ ಹಾಲನ್ನು ಬೇರೆಯಾಗಿ ಪರೀಕ್ಷಿಸಿ ಕೊಡಿ ಎಂದು ಕೇಳಿ. ಫೀಡ್ ಚೀಲದ ಮೇಲೆ ಯೂರಿಯಾ ಎಷ್ಟಿದೆ, ಬೈಪಾಸ್ ಪಾಲು ಎಷ್ಟಿದೆ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಎಂದು ಕೇಳಿ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಊರಿನವರಿಗೇ ತರಬೇತಿ ಕೊಟ್ಟು, ಹಸುವಿನ ತೂಕ, ಹಾಲು, ಮನೆಯಲ್ಲಿರುವ ಮೇವು ನೋಡಿ ಸಮತೋಲನದ ಆಹಾರ ಹೇಳಿಕೊಡುವ ಕಾರ್ಯಕ್ರಮ ನಡೆಸಿದೆ. ಅದು ನಿಮ್ಮ ಸಂಘಕ್ಕೆ ಬಂದಿತ್ತೇ, ಬಂದು ನಿಂತುಹೋಯಿತೇ ಎಂದು ಕಾರ್ಯದರ್ಶಿಯನ್ನು ಕೇಳಿ. ದನಗಳ ಪೋಷಣೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆಯೊಂದು 1995ರಿಂದ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ. ಅಲ್ಲಿನ ವಿಜ್ಞಾನಿಗಳನ್ನು ಸಂಘದ ಸಭೆಗೆ ಕರೆಯಲು ಒಂದು ಪತ್ರ ಬರೆಯಿರಿ. ಸಂಘದ ಅಧ್ಯಕ್ಷರು, ನಿರ್ದೇಶಕರಲ್ಲಿ ಒಂದು ವಿನಂತಿ: ಮೇವಿನ ತರಬೇತಿಗೆ ಪಾಸ್‌ಬುಕ್ಕಿನಲ್ಲಿ ಹೆಸರಿರುವ ಗಂಡಸರನ್ನಷ್ಟೇ ಕರೆಯದೆ, ಗೋದಲಿಗೆ ಕೈಯಿಡುವ ಹೆಣ್ಣುಮಕ್ಕಳನ್ನು ಕರೆಯಿರಿ. ಹಾಲು ಕರೆದು, ಕ್ಯಾನ್ ಕಳಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲಿನ ಹೊತ್ತಿಗೆ ಆ ತರಬೇತಿ ಇಡಿ.

ಅಕ್ಕಂದಿರೇ, ಮುಂದಿನ ಸಲ ಹಸು ಗಬ್ಬ ನಿಲ್ಲುತ್ತಿಲ್ಲ, ಎಸ್‌ಎನ್‌ಎಫ್ ಬೀಳುತ್ತಿದೆ ಎಂದು ಆಸ್ಪತ್ರೆಗೆ ಬರುವಾಗ ಒಂದು ಚೀಟಿ ತನ್ನಿ. ಮನೆಯ ತಕ್ಕಡಿಯಲ್ಲೋ ಅಂಗಡಿಯ ತಕ್ಕಡಿಯಲ್ಲೋ ಒಂದು ದಿನ ತೂಗಿ ಬರೆದರೆ ಸಾಕು: ಹಿಂಡಿ ಎಷ್ಟು ಕಿಲೋ, ಅದು ಯಾವ ಹಿಂಡಿ, ಫೀಡ್ ಎಷ್ಟು, ಬೂಸಾ, ನುಚ್ಚು ಎಷ್ಟು, ಹಸಿರು ಯಾವುದು, ಎಷ್ಟು ಎಳಸು, ಒಣ ಹುಲ್ಲು ಎಷ್ಟು ಹೊರೆ, ಖನಿಜ ಮಿಶ್ರಣ ಇದೆಯೋ ಇಲ್ಲವೋ, ಕರು ಹಾಕಿ ಎಷ್ಟು ತಿಂಗಳು, ಹಾಲು ಎಷ್ಟು. ನೀವು ಬರೆಯಲಾಗದಿದ್ದರೆ ಸ್ಕೂಲಿಗೆ ಹೋಗುವ ಮಗುವಿನ ಕೈಲಿ ಬರೆಸಿ. ಇಂಜೆಕ್ಷನ್ ತೆಗೆಯುವ ಮೊದಲು ನಾನು ಆ ಚೀಟಿ ಓದುತ್ತೇನೆ.

ನಿಮ್ಮ ವಿಶ್ವಾಸದ,
ಒಬ್ಬ ಪಶುವೈದ್ಯೆ